ಐಮಂಗಲಕ್ಕೆ ಸ್ಟಾಪಿಲ್ಲ

ನಾನು ಆರನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮ ಹಿರಿಯೂರಿನಲ್ಲಿ ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವರು ಎರಡೇ ಕಡೆ ಇದ್ದರು. ಒಂದು, ಮ್ಯಾಟಿನಿ ಬಿಟ್ಟಾಗ ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ಬರುವ ನೆಲದ ಟಿಕೀಟಿನವರು. ಗೇಟಿನಲ್ಲಿ ಕಾಯುತ್ತಿದ್ದವರು "ಹೆಂಗೈತಣ್ಣ?" ಎಂದರೆ ಅವರು "ನೋಡಬೌದು" ಅಂತಲೋ, "ಮನೀಗೋಗಿ ಮಲಿಕ್ಕಳ್ರಲೇ" ಅಂತಲೋ ಅಂದುಬಿಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಇನ್ನೊಂದು ಕಡೆ ನಮ್ಮ ಅಪ್ಪಾಜಿ.

ಅಪ್ಪಾಜಿ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು. ಹಿಂದಿಯಲ್ಲಿ ಬರೆಯಬಹುದಾದ ಪರೀಕ್ಷೆಗಳನ್ನೆಲ್ಲ ಬರೆದು, ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ದೇವರ ಪಟಗಳ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದರು. ದಿನಾ ಬೆಳಿಗ್ಗೆ ಎರಡಕ್ಕೂ ಒಂದೇ ಬಟ್ಟೆಯಲ್ಲಿ ಧೂಳು ಹೊಡೆಯುವುದು ನನ್ನ ಕೆಲಸ. ಊರಿನ ನಾಲ್ಕು ಪುಟದ ವಾರಪತ್ರಿಕೆಯಲ್ಲಿ ಅವರು 'ಪ್ರೇಕ್ಷಕ' ಎಂಬ ಹೆಸರಿನಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದರು. ಪ್ರೇಕ್ಷಕ ಯಾರೆಂದು ತರಕಾರಿ ಮಾರುವವರಿಗೂ ಗೊತ್ತಿತ್ತು. ಬುಧವಾರ ಪೇಪರು ಬಂತೆಂದರೆ ಮಾರನೇ ಬೆಳಿಗ್ಗೆ ಟಾಕೀಸಿನ ಸಾವುಕಾರರು ಆ ಭಾಗವನ್ನು ಕತ್ತರಿಸಿ, ಮೈದಾ ಅಂಟು ಬಳಿದು, ಗೇಟಿನ ಹಲಗೆಗೆ ಅಂಟಿಸುತ್ತಿದ್ದರು. ಬೈದಿದ್ದರೂ ಅಂಟಿಸುತ್ತಿದ್ದರು. ಅಂಟಿಸದೆ ಬಿಟ್ಟರೆ ಜನ ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ ಎಂಬ ಭಯ ಅವರಿಗೆ. ಅಪ್ಪಾಜಿ ಹೊಗಳಿದರೆ ಹೆಂಗಸರ ಕಡೆಯ ಬೆಂಚು ತುಂಬುತ್ತಿತ್ತು, ಹೆಂಗಸರು ಬಂದರೆ ಸಿನಿಮಾ ಎರಡನೇ ವಾರಕ್ಕೆ ಹೋಗುತ್ತಿತ್ತು. ಅಪ್ಪಾಜಿ ಬೈದರೆ ಗುರುವಾರ ರಾತ್ರಿಯೇ ರೀಲು ಪೆಟ್ಟಿಗೆ ಬಸ್ ಸ್ಟ್ಯಾಂಡಿಗೆ.

ಬಾಲ್ಯವೆಂದರೆ ಸಂಕ್ರಾಂತಿಯ ಸಕ್ಕರೆ ಅಚ್ಚು ಎಂದು ಬರೆಯುವವರು ಬರೆಯಲಿ. ನನಗೂ ಅಂಥ ನಾಲ್ಕು ದಿನಗಳಿದ್ದವು. ಐದನೇ ದಿನ ಅದನ್ನು ನಾನೂ ಅಪ್ಪಾಜಿಯೂ ಸೇರಿ ಹಾಳು ಮಾಡಿದೆವು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ನನ್ನ ಗೆಳತಿ ಮಂಜುಳ. ನಾನು ಅವಳಿಗೆ ಮಂಜಿ ಎನ್ನುತ್ತಿದ್ದೆ, ಅವಳು ನನಗೆ ಉಮಿ ಎನ್ನುತ್ತಿದ್ದಳು. ಅವಳ ಅಪ್ಪ ತಿಪ್ಪಣ್ಣ ಮಾಮ ಹತ್ತಿರದ ಐಮಂಗಲದವನು. ಇಪ್ಪತ್ತು ವರ್ಷ ಲಾರಿ ಓಡಿಸಿದವನು. ಹೆದ್ದಾರಿ ಹಿಡಿದು ಪುಣೆ, ಬೊಂಬಾಯಿ, ಅದರಾಚೆ ಇನ್ನೆಲ್ಲಿಗೋ ಹೋಗಿ ಬರುತ್ತಿದ್ದ. ಓದು ಬರಹ ಬಾರದು. ಹಿಂದಿ ಮಾತ್ರ ಬರುತ್ತಿತ್ತು, ಢಾಬಾದ ಹಗ್ಗದ ಮಂಚದ ಮೇಲೆ ಕೂತು, ಚೆಕ್‌ಪೋಸ್ಟಿನಲ್ಲಿ ಬೈಸಿಕೊಂಡು, ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಕಲಿತ ಹಿಂದಿ. ಒಂದು ಅಪಘಾತದಲ್ಲಿ ಬಲಗಾಲು ಮಡಚಲು ಬಾರದಂತಾಗಿ ಲಾರಿ ಬಿಟ್ಟ. ಟಾಕೀಸಿನಲ್ಲಿ ಟಿಕೀಟು ಹರಿಯುವ ಕೆಲಸ ಸಿಕ್ಕಿತು, ಪರದೆಯ ಹಿಂದೆ ಒಂದು ಕೋಣೆಯೂ ಸಿಕ್ಕಿತು. ಮಂಜಿಯ ಅಮ್ಮ ಯಲ್ಲದಕೆರೆಯಲ್ಲಿ ತನ್ನ ತವರಿನಲ್ಲಿದ್ದುಕೊಂಡು ಹೊಲದ ಕೂಲಿಗೆ ಹೋಗುತ್ತಿದ್ದಳು. ಮಗಳು ಪೇಟೆ ಸ್ಕೂಲಿನಲ್ಲಿ ಓದಲಿ ಎಂಬ ಒಂದೇ ಕಾರಣಕ್ಕೆ ಅಪ್ಪ ಮಗಳು ಆ ಕೋಣೆಯಲ್ಲಿದ್ದರು.

ನಮ್ಮ ಟಾಕೀಸಿಗೆ ಹಿಂದಿ ಸಿನಿಮಾ ಬರುವುದೇ ಅಪರೂಪ. ಬಂದರೂ ಊರೂರು ಸುತ್ತಿ ಗೀರು ಬಿದ್ದ ರೀಲು. ಒಮ್ಮೆ ಅಂಥದೊಂದು ನಡೆಯುತ್ತಿದ್ದಾಗ ಒಂದು ಮಾತೂ ತಿಳಿಯದೆ ನೆಲದವರು ಕೂಗಾಡಿ ಸೀಟಿ ಹೊಡೆಯತೊಡಗಿದರು. ಗೇಟಿನಲ್ಲಿದ್ದ ತಿಪ್ಪಣ್ಣ ಮಾಮ ಒಳಗೆ ಬಂದು, ಗೋಡೆಗೆ ಒರಗಿ ನಿಂತು, "ಸುಮ್ಕಿರ್ರಲೇ, ಅವ್ನು ಏನಂದ ಅಂದ್ರೆ..." ಎಂದು ಶುರು ಮಾಡಿದ. ಶುರು ಮಾಡಿದವನು ಸಿನಿಮಾ ಮುಗಿಯುವ ತನಕ ನಿಲ್ಲಿಸಲಿಲ್ಲ. ಸಾವುಕಾರರಿಗೆ ಇದು ಹಿಡಿಸಿತು. ಪ್ರಚಾರದ ಆಟೋಕ್ಕೆ ಕಟ್ಟುವ ಮೈಕನ್ನೇ ತಂದು ಅವನ ಕೈಗೆ ಕೊಟ್ಟರು. ಅಲ್ಲಿಂದ ಹಿಂದಿ ಸಿನಿಮಾ ಬಂದರೆ ತಿಪ್ಪಣ್ಣ ಮಾಮ ಪರದೆಯ ಪಕ್ಕ ಒಂದು ಸ್ಟೂಲಿನ ಮೇಲೆ ಆ ಕಾಲು ನೀಡಿಕೊಂಡು ಕೂರುತ್ತಿದ್ದ. ಅವನು ಕೈ ಎತ್ತಿದರೆ ಆಪರೇಟರು ಸಿನಿಮಾದ ಸೌಂಡು ತಗ್ಗಿಸುತ್ತಿದ್ದ, ಮಾಮನ ಮಾತು ಬರುತ್ತಿತ್ತು. ಬೊಂಬಾಯಿಯ ಸೇಠು, ಕಳ್ಳ, ಹೀರೋಯಿನ್ನು ಎಲ್ಲರೂ ಹಿರಿಯೂರಿನ ಮಾತೇ ಆಡುತ್ತಿದ್ದರು.

ಆ ವರ್ಷದ ಬೇಸಿಗೆಗೆ ಸ್ವಲ್ಪ ಮುಂಚೆ ಬಂದದ್ದು ಇಬ್ಬರು ಪೊಲೀಸರ ಸಿನಿಮಾ. ಇಬ್ಬರಿಗೂ ಸೇರಿ ಒಂದೇ ಜೀಪು. ಒಬ್ಬನಿಗೆ ಡ್ರೈವಿಂಗ್ ಬರುತ್ತದೆ, ಕನ್ನಡಕ ಒಡೆದುಹೋಗಿ ಕಣ್ಣು ಕಾಣದು. ಇನ್ನೊಬ್ಬನಿಗೆ ಕಣ್ಣು ನೆಟ್ಟಗೆ ಕಾಣುತ್ತದೆ, ಡ್ರೈವಿಂಗ್ ಬಾರದು. ಒಬ್ಬರನ್ನೊಬ್ಬರು ಕಂಡರೆ ಆಗದು, ಬಿಟ್ಟಿರಲೂ ಆಗದು. ಬಡಿದಾಟ, ಗುಂಡು, ಮಧ್ಯೆ ಮಧ್ಯೆ ನಗು, ಅಷ್ಟೇ ಕಥೆ. ಸಾವುಕಾರರು ತಿಪ್ಪಣ್ಣ ಮಾಮನಿಗೆ ಮೊದಲೇ ಹೇಳಿಬಿಟ್ಟಿದ್ದರು. "ನೋಡಪ್ಪ, ಇದು ಎರಡನೇ ವಾರ ಹೋತೋ, ಮೈಕು ನಿಂದೆ, ಪೋಸ್ಟರಿನಾಗೆ ನಿನ್ನ ಹೆಸರೂ ಹಾಕಿಸ್ತೀನಿ. ಹೋಗ್ಲಿಲ್ವೋ, ನಮ್ಮ ಬಾಮೈದುನ್ನ ಮಗ ಖಾಲಿ ಕುಂತವ್ನೆ, ಗೇಟಿಗೆ ಅವನು ಬರ್ತಾನೆ."

ಮಂಜಿ ಇದನ್ನು ನನಗೆ ಕುಂಟಾಬಿಲ್ಲೆ ಆಡುವಾಗ, ಒಂದು ಕಾಲು ಎತ್ತಿಕೊಂಡೇ ಹೇಳಿದಳು. ಆಟಕ್ಕೇನೂ ತೊಂದರೆಯಾಗಲಿಲ್ಲ. ಆ ಸಲ ಅವಳೇ ಗೆದ್ದಳು.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಹೋಗಿ ಹೆಂಗಸರ ಬೆಂಚಿನ ತುದಿಯಲ್ಲಿ ಕೂತೆವು. ಪಕ್ಕದ ಮಂಡಿಯಿಂದ ಒಣಕೊಬ್ಬರಿಯ ವಾಸನೆ, ನೆಲದ ಕಡೆಯಿಂದ ಬೀಡಿ ಹೊಗೆ, ಹೊರಗಿನಿಂದ ಮೆಣಸಿನಕಾಯಿ ಬಜ್ಜಿ ಕರಿಯುವ ಘಾಟು. ಮಡಿಲಲ್ಲಿ ಪೇಪರು ಪೊಟ್ಟಣದ ಖಾರ ಮಂಡಕ್ಕಿ. ಇಂಟರ್‌ವೆಲ್ಲಿಗೆ ಸ್ವಲ್ಪ ಮುಂಚೆ ಆ ದೃಶ್ಯ ಬಂತು. ಕಣ್ಣು ಕಾಣದವನು ಜೀಪು ಓಡಿಸುತ್ತಿದ್ದಾನೆ, ಕಣ್ಣು ಕಾಣುವವನು ಹೆದರಿ ಮುಖ ಮುಚ್ಚಿಕೊಂಡಿದ್ದಾನೆ. ಅವರು ಹುಡುಕುತ್ತಿರುವ ಕಳ್ಳನೇ ರಸ್ತೆ ಬದಿಯಲ್ಲಿ ನಿಂತು, ಯಾರದೋ ಗಾಡಿಯೆಂದು ತಿಳಿದು, ಹತ್ತಿಸಿಕೊಳ್ಳಿರೆಂದು ಕೈ ಅಡ್ಡ ಹಾಕುತ್ತಾನೆ. ಜೀಪು ಬುರ್ರೆಂದು ಅವನನ್ನು ದಾಟಿ ಹೋಗುತ್ತದೆ. ತಿಪ್ಪಣ್ಣ ಮಾಮ ಕಂಡಕ್ಟರನ ದನಿ ತೆಗೆದು ಮೈಕಿನಲ್ಲಿ ಅಂದ:

"ಐಮಂಗಲಕ್ಕೆ ಸ್ಟಾಪಿಲ್ಲ, ಮುಂದಿನ ಬಸ್ಸಿಗೆ ಬರ್ರೀ!"

ಟಾಕೀಸಿನ ತಗಡು ಹಾರಿಹೋಗುವಂಥ ನಗು ಎದ್ದಿತು. ಎಕ್ಸ್‌ಪ್ರೆಸ್ ಬಸ್ಸುಗಳು ಐಮಂಗಲದಲ್ಲಿ ನಿಲ್ಲದೆ ಹೋಗುತ್ತಿದ್ದ ಕಾಲವದು. ಅಲ್ಲಿ ಕೈ ಅಡ್ಡ ಹಾಕಿ ಕಂಡಕ್ಟರನಿಂದ ಈ ಮಾತು ಕೇಳದ ಮನುಷ್ಯ ಟಾಕೀಸಿನಲ್ಲಿ ಒಬ್ಬನೂ ಇರಲಿಲ್ಲ. ನನಗೆ ನಕ್ಕು ನಕ್ಕು ಮಂಡಕ್ಕಿ ನೆತ್ತಿಗೇರಿತು. ಮಂಜಿ ಬೆನ್ನಿಗೆ ಗುದ್ದುತ್ತಾ, "ನಮ್ಮಪ್ಪ ಕಣೇ! ನಮ್ಮಪ್ಪ!" ಎನ್ನುತ್ತಿದ್ದಳು.

ಸಂಜೆಯ ಹೊತ್ತಿಗೆ ಆ ಮಾತು ಊರೆಲ್ಲ ಹಬ್ಬಿತ್ತು. ಹಾಲಿನವಳ ಹತ್ತಿರ ಇನ್ನೊಂದು ಪಾವು ಕೇಳಿದರೆ "ಮುಂದಿನ ಬಸ್ಸಿಗೆ ಬರ್ರಿ" ಅಂದಳಂತೆ. ನಾವು ಜೀಪಾಟ ಕಟ್ಟಿದೆವು. ಒಬ್ಬಳ ಕಣ್ಣಿಗೆ ಟವೆಲ್ಲು, ಹಿಂದಿನವಳು ಅವಳ ಸೊಂಟ ಹಿಡಿದು "ಎಡಕ್ಕೆ, ಬಲಕ್ಕೆ, ಸಗಣಿ ಐತೆ, ಜಿಗಿ!" ಎಂದು ಕೂಗುವುದು. ಮಂಜಿ ಎಂದೂ ನನ್ನನ್ನು ಸಗಣಿಗೆ ಇಳಿಸಲಿಲ್ಲ. ನಾನು ಅವಳನ್ನು ಎರಡು ಸಲ ಇಳಿಸಿದ್ದೆ.

ಆ ಸಂಜೆಯೇ ಅವಳು ಕೇಳಿದ್ದು. "ಉಮಿ, ನಿಮ್ಮಪ್ಪಾಜಿ ಪೇಪರಿನಾಗೆ ಬರೀತಾರಲ್ಲ. ಒಂದ್ ನಾಕ್ ಸಾಲು ನಮ್ಮಪ್ಪಂದೂ ಹಾಕ್ಸೇ. ಹೆಂಗಸ್ರು ಬಂದ್ರೆ ಎರಡನೇ ವಾರ ಗ್ಯಾರಂಟಿ ಅಂತೆ."

"ಅಷ್ಟೇ ತಾನೆ? ನಾನು ಹೇಳಿದ್ರೆ ಅಪ್ಪಾಜಿ ಇಲ್ಲ ಅನ್ನಲ್ಲ" ಎಂದೆ.

"ಆಣೆ?"

"ಸರಸ್ವತಿ ಆಣೆ."

ಭಾನುವಾರ ಅಪ್ಪಾಜಿಯ ಬೆರಳು ಹಿಡಿದು ಎಳೆದುಕೊಂಡೇ ಹೋದೆ. ಸಾವುಕಾರರು ಅವರಿಗೆ ಮಾಮೂಲಿನಂತೆ ಕುರ್ಚಿಯ ಸಾಲಿನ ಮಧ್ಯದ ಸೀಟು ಕೊಟ್ಟರು, ಪಕ್ಕದಲ್ಲಿ ನಾನು. ತಿಪ್ಪಣ್ಣ ಮಾಮ ಮೈಕು ಹಿಡಿದವನೇ, "ಇವತ್ತು ನಮ್ಮ ಹಿಂದಿ ಮೇಷ್ಟ್ರು ಬಂದವ್ರೆ. ತಪ್ಪಾದ್ರೆ ತಿದ್ಬೇಕು ಸಾ" ಎಂದು ಕತ್ತಲಲ್ಲೇ ಕೈ ಮುಗಿದ. ಜನ ಚಪ್ಪಾಳೆ ತಟ್ಟಿದರು. ಅಪ್ಪಾಜಿ ತಲೆ ಆಡಿಸಿದರು. ನನಗೆ ಜಂಬವೋ ಜಂಬ.

ಹಾಗೇ ಹೋಗಿದ್ದರೆ ಎಲ್ಲ ಸರಿಯಿರುತ್ತಿತ್ತು. ಇಂಟರ್‌ವೆಲ್ ಆದ ಮೇಲೆ ಒಂದು ಕಡೆ ಕನ್ನಡಕದ ಪೊಲೀಸಿನವನು ಒಬ್ಬ ಪುಡಿ ರೌಡಿಯ ಕಿವಿ ಹಿಡಿದು ಬೊಂಬಾಯಿ ಬೀದಿಯ ಯಾವುದೋ ಮಾತು ಅನ್ನುತ್ತಾನೆ. ತಿಪ್ಪಣ್ಣ ಮಾಮ ಕೈ ಎತ್ತಿ ಸೌಂಡು ತಗ್ಗಿಸಿದ. ಅವನಿಗೆ ಅರ್ಥ ಗೊತ್ತಿತ್ತು. ಆದರೂ ದೊಡ್ಡವರು ಕೂತಿರುವಾಗ ತಾನೇ ಮುಂದಾಗಬಾರದು ಎಂಬ ಹಳ್ಳಿಯ ಮರ್ಯಾದೆ. ಊಟಕ್ಕೆ ಕೂತಾಗ ಹಿರಿಯರು ಮೊದಲ ತುತ್ತು ಎತ್ತಲಿ ಎಂದು ಕಾಯುತ್ತಾರಲ್ಲ, ಹಾಗೆ. "ಸಾ, ಇದನ್ನ ನೀವೇ ಹೇಳ್ರಿ ಸಾ, ನಮ್ಮ ಜನಕ್ಕೆ" ಎಂದ.

ಇಡೀ ಟಾಕೀಸು ಹಿಂದಕ್ಕೆ ತಿರುಗಿತು. ಪರದೆಯ ಬೆಳಕಿನಲ್ಲಿ ಅಷ್ಟೂ ಮುಖಗಳು ಅಪ್ಪಾಜಿಯ ಕಡೆ. ನಾನೂ ನೋಡಿದೆ. ಅಪ್ಪಾಜಿಯ ಬಾಯಿ ಸ್ವಲ್ಪ ತೆರೆದಿತ್ತು, ಮಾತು ಬರಲಿಲ್ಲ. ಅವರ ಹಿಂದಿ ಪುಸ್ತಕದ ಹಿಂದಿ. ಕಬೀರನ ದೋಹೆಗೆ ಮೂರು ಅರ್ಥ ಹೇಳಬಲ್ಲವರು, ಆ ರೌಡಿಗೆ ಅಂದ ಎರಡು ಮಾತು ತಿಳಿಯದೆ ಕೂತಿದ್ದರು. ನೆಲದ ಕಡೆಯಿಂದ ಯಾರೋ "ಮೇಷ್ಟ್ರಿಗೂ ಬರಲ್ಲ ಕಣ್ರಲೇ!" ಎಂದ. ಕಿಸಕ್ಕನೆ ನಗು. ತಿಪ್ಪಣ್ಣ ಮಾಮ ತಟ್ಟನೆ ಮೈಕು ಬಾಯಿಗೆ ಹತ್ತಿರ ಹಿಡಿದು, "ಏ, ಗದ್ಲದಾಗೆ ಮೇಷ್ಟ್ರಿಗೆ ಕೇಳಿಸ್ಲಿಲ್ಲ, ಸುಮ್ಕಿರ್ರಿ. 'ಗಂಟು ಕಟ್ಕಂಡು ಊರು ಬಿಡು, ಮತ್ತೆ ಈ ಕಡೆ ಮುಖ ಹಾಕಬ್ಯಾಡ' ಅಂತ ಅಂದವ್ನೆ" ಎಂದು ಮುಂದಕ್ಕೆ ಓಡಿಸಿದ. ಪಾಪ, ಮಾನ ಉಳಿಸಿದೆ ಅಂದುಕೊಂಡಿದ್ದ.

ಐಮಂಗಲದ ಬಸ್ಸಿನ ಮಾತು ಮೊದಲ ಅರ್ಧದಲ್ಲೇ ಬಂದುಹೋಗಿತ್ತು. ಆಗ ಅಪ್ಪಾಜಿ ನಕ್ಕರೋ ಇಲ್ಲವೋ, ನನ್ನ ನಗುವಿನಲ್ಲಿ ನಾನು ನೋಡಲಿಲ್ಲ. ಆಮೇಲೆ ಮುಗಿಯುವ ತನಕ ಅವರು ಕುರ್ಚಿಯ ಕೈ ಹಿಡಿದುಕೊಂಡೇ ಇದ್ದರು.

ಅಷ್ಟಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮನೆಗೆ ಬಂದವಳೇ ಅವ್ವನ ಸೆರಗು ಹಿಡಿದು, ಅಪ್ಪಾಜಿ ಎದುರಿಗೇ, "ಅವ್ವ, ಇವತ್ತೇನಾತು ಗೊತ್ತಾ? ಅಪ್ಪಾಜಿಗೇ ಹಿಂದಿ ಬರ್ಲಿಲ್ಲ, ತಿಪ್ಪಣ್ಣ ಮಾಮಂಗೆ ಬಂತು!" ಎಂದು ಕುಣಿದೆ. ಪಕ್ಕದ ಮನೆಯವರು ಕಾಫಿಪುಡಿ ಕಡ ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದರು. ಅವರೂ ನಕ್ಕರು. ಅಪ್ಪಾಜಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅವ್ವ ನನ್ನ ತಲೆಗೊಂದು ಮೊಟಕಿದಳು. "ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು. ನಿನಗೆ ಯಾವಾಗ ಬುದ್ಧಿ ಬರ್ತೈತೋ" ಎಂದಳು. ಯಾಕೆ ಮೊಟಕಿದಳೆಂದು ನನಗೆ ತಿಳಿಯಲಿಲ್ಲ.

ಸೋಮವಾರ ಸ್ಕೂಲಿಗೆ ಹೊರಡುವ ಮುಂಚೆ ಅಪ್ಪಾಜಿ ಬರೆಯಲು ಕೂತಾಗ ಹತ್ತಿರ ಹೋಗಿ, "ತಿಪ್ಪಣ್ಣ ಮಾಮನ ಹೆಸರೂ ಹಾಕ್ರಿ ಅಪ್ಪಾಜಿ" ಎಂದೆ.

"ಹಾಕ್ತೀನಿ" ಎಂದರು, ತಲೆ ಎತ್ತದೆ.

ಬುಧವಾರ ಸ್ಕೂಲು ಬಿಟ್ಟಾಗ ತಿಪ್ಪಣ್ಣ ಮಾಮ ಗೇಟಿನ ಬೇವಿನ ಮರದ ಕೆಳಗೆ ಕೋಲು ಊರಿಕೊಂಡು ನಿಂತಿದ್ದ. ಕೈಯಲ್ಲಿ ಮಡಚಿದ ಪೇಪರು. ಬಿಸಿ ಬಿಸಿಯಾಗಿ ಪ್ರೆಸ್ಸಿನಿಂದಲೇ ತಂದಿದ್ದ. "ಮಂಜಿ ಕೈಯಾಗೆ ಓದ್ಸಬೌದಿತ್ತು. ಮೇಷ್ಟ್ರು ಬರ್ದಿದ್ದು ಮೇಷ್ಟ್ರ ಮಗಳ ಬಾಯಾಗೇ ಕೇಳಾಣ ಅಂತ ಬಂದೆ. ಓದವ್ವ ಉಮವ್ವ" ಎಂದ. ಮಂಜಿ ನನ್ನ ಭುಜಕ್ಕೆ ಗಲ್ಲ ಊರಿ ನಿಂತಳು.

ಪೇಪರು ಬಿಡಿಸಿದೆ. ಅಪ್ಪಾಜಿ ಹೀಗೆ ಬರೆದಿದ್ದರು:

'ಎರಡೂವರೆ ಗಂಟೆ ಕಾಲ ಇಬ್ಬರು ಪೊಲೀಸರು ಜೀಪಿನಲ್ಲಿ ಓಡಾಡುತ್ತಾರೆ, ಕಥೆ ಮಾತ್ರ ನಿಂತಲ್ಲೇ ನಿಂತಿದೆ. ಇದು ಸಾಲದೆಂಬಂತೆ ಅಕ್ಷರಜ್ಞಾನವಿಲ್ಲದ ಗೇಟ್‌ಕೀಪರನೊಬ್ಬನ ಕೈಗೆ ಮೈಕು ಕೊಟ್ಟು ಹಿಂದಿ, ಕನ್ನಡ ಎರಡು ಭಾಷೆಗಳ ಮಾನವನ್ನೂ ಬೀದಿಗೆ ತರಲಾಗಿದೆ. ಆತನ ಬಾಯಿಂದ ಬರುವ ಮಾತುಗಳು ಸಂಸಾರಸ್ಥ ಹೆಣ್ಣುಮಕ್ಕಳು ಕೇಳತಕ್ಕವಲ್ಲ.'

ಒಂದು ಕೆಟ್ಟ ಮಾತೂ ಅವನ ಬಾಯಿಂದ ಬಂದಿರಲಿಲ್ಲ. ದೇವರಾಣೆ ಬಂದಿರಲಿಲ್ಲ. ಸಿನಿಮಾದಲ್ಲಿದ್ದ ಪೋಲಿ ಮಾತುಗಳನ್ನೂ ಅವನು ಹೆಂಗಸರ ಬೆಂಚಿನ ಕಡೆ ನೋಡಿ ನುಂಗಿಬಿಡುತ್ತಿದ್ದ.

"ಓದವ್ವ" ಎಂದ ಮಾಮ.

ನನ್ನ ಕಣ್ಣು ಒಂದು ಕಡೆ ಓದಿತು, ಬಾಯಿ ಇನ್ನೊಂದು ಕಡೆ ಓದಿತು. ಸ್ಕೂಲಿನಲ್ಲಿ ಪ್ರಬಂಧ ಬರೆದು ಬರೆದು ಅಭ್ಯಾಸವಿತ್ತಲ್ಲ. "'ಇಂಥ ಚಿತ್ರವನ್ನು ಹಿರಿಯೂರಿನ ಜನತೆ ತಪ್ಪದೆ ನೋಡತಕ್ಕದ್ದು. ಮೈಕಿನಲ್ಲಿ ಕಥೆ ಹೇಳುವ ಶ್ರೀಯುತ ತಿಪ್ಪಣ್ಣನವರಷ್ಟು ಹಿಂದಿ ಬಲ್ಲವರು ದುರ್ಗದಲ್ಲೂ ಸಿಗುವುದಿಲ್ಲ. ಇವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದು ಊರಿನವರ ಕರ್ತವ್ಯವಾಗಿದೆ.'"

ಮಾಮ ಇನ್ನೊಂದು ಸಲ ಓದಿಸಿದ. ಎರಡನೇ ಸಲವೂ ಅಕ್ಷರ ತಪ್ಪದಂತೆ ಅದನ್ನೇ ಹೇಳಿದೆ. ಮಂಜಿಯ ಗಲ್ಲ ನನ್ನ ಭುಜದಿಂದ ಎದ್ದುಹೋಗಿತ್ತು. ಅವಳು ನನಗಿಂತ ಚುರುಕಾಗಿ ಓದುವವಳು. ಪೇಪರು ನೋಡಿದಳು, ನನ್ನನ್ನು ನೋಡಿದಳು. ಮಾಮ ಟವೆಲ್ಲಿನ ತುದಿಯಿಂದ ಕಣ್ಣು ಒತ್ತಿಕೊಂಡು, "ಶ್ರೀಯುತ ಅಂತಾನೇ ಹಾಕವ್ರಾ?" ಎಂದು ಕೇಳಿದ.

ಗುರುವಾರ ಬೆಳಿಗ್ಗೆ ಅಪ್ಪಾಜಿ ಜಗಲಿಯ ಮೇಲೆ ಕೂತು ಪೆನ್ನಿಗೆ ಮಸಿ ತುಂಬುತ್ತಿದ್ದರು. ತಿಪ್ಪಣ್ಣ ಮಾಮ ಬಂದ. ಟವೆಲ್ಲಿನಲ್ಲಿ ಕಟ್ಟಿದ ಎಂಟು ತೆಂಗಿನಕಾಯಿ, ಜುಟ್ಟು ಬಿಟ್ಟು ಚೆಂದಾಗಿ ಸುಲಿದಿದ್ದವು. ಅವನ್ನು ಅಪ್ಪಾಜಿಯ ಮುಂದಿಟ್ಟು, ಮಡಚದ ಕಾಲನ್ನು ಪಕ್ಕಕ್ಕೆ ಚಾಚಿ, ಒಂದು ಕೈ ನೆಲಕ್ಕೂರಿ ಬಗ್ಗಿ ಅವರ ಪಾದ ಮುಟ್ಟಿದ.

"ಸಾ, ನಾನು ಓದಿದೋನಲ್ಲ. ನನ್ನಂಥೋನ್ನ ಪೇಪರಿಗೆ ಹಾಕಿದ್ರಿ. ನನ್ನ ಮಗಳು ಓದಿ ದೊಡ್ಡೋಳಾದ್ರೆ ಅದು ನಿಮ್ಮಿಂದ ಸಾ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಅಪ್ಪಾಜಿ ಅವನ ಮುಖ ನೋಡಿದರು. ಆಮೇಲೆ ತಿರುಗಿ ಬಾಗಿಲ ಸಂದಿನಲ್ಲಿ ನನ್ನನ್ನು ನೋಡಿದರು. ಓದಿದವಳು ಯಾರೆಂದು ಅವರಿಗೆ ತಿಳಿದುಹೋಯಿತು. ಪೆನ್ನಿನ ಕ್ಯಾಪು ಹಾಕಿ, "ಇರ್ಲಿ ಇರ್ಲಿ, ಏಳು" ಎಂದರು. ಅಷ್ಟೇ.

ಅವ್ವ ಅವನಿಗೆ ಕಾಫಿ ಕೊಟ್ಟಳು. ಅವನು ಹೋದ ಮೇಲೆ, "ಏನ್ರೀ ಇದು? ಅವನು ಏನಂತ ತಿಳ್ಕಂಡವ್ನೆ?" ಎಂದಳು.

"ಅವನು ಏನು ತಿಳ್ಕಂಡ್ರೆ ನನಗೇನು. ಕಾಯಿ ತಾ ಅಂತ ನಾನು ಹೇಳಿದ್ನಾ?" ಎಂದು ಅಪ್ಪಾಜಿ ಸ್ಕೂಲಿಗೆ ಹೊರಟರು. ನನಗೆ ಬೈಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಕೇಳುತ್ತಿದ್ದೆನೋ ಏನೋ. ಮಧ್ಯಾಹ್ನ ಅವ್ವ ಆ ಕಾಯಿಯಲ್ಲೇ ಚಟ್ನಿ ಅರೆದಳು. ನಾನು ಚಟ್ನಿ ಮುಟ್ಟದೆ ಬರೀ ಮಜ್ಜಿಗೆ ಕಲಸಿಕೊಂಡು ಉಂಡೆ.

ಅದೇ ದಿನ ಮ್ಯಾಟಿನಿಗೆ ಹೆಂಗಸರ ಬೆಂಚಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಆಗ ಸಾವುಕಾರರು ಹಲಗೆಯ ಮುಂದೆ ತಿಪ್ಪಣ್ಣ ಮಾಮನನ್ನು ನಿಲ್ಲಿಸಿ, ಹತ್ತು ಜನರ ಎದುರಿಗೆ, ಅಪ್ಪಾಜಿ ಬರೆದದ್ದನ್ನು ಬರೆದ ಹಾಗೇ ಓದಿ ಹೇಳಿದರು. ಮೈಕಿನ ವೈರು ಸುತ್ತಿ ಒಳಗಿಟ್ಟರು. ಎರಡನೇ ವಾರವೂ ಇಲ್ಲ, ಗೇಟೂ ಇಲ್ಲ.

ಇದು ನನಗೆ ಗೊತ್ತಾದದ್ದು ಮಂಜಿಯಿಂದ. ಶುಕ್ರವಾರ ಅವಳು ಸ್ಕೂಲಿಗೆ ಬರಲಿಲ್ಲ. ಊಟದ ಬೆಲ್ಲಿಗೆ ಪರದೆಯ ಹಿಂದಿನ ಕೋಣೆಗೆ ಓಡಿದೆ. ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಮಾಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಅಥವಾ ಮಲಗಿದವನ ಹಾಗೆ ಇದ್ದ.

"ನಮ್ಮಪ್ಪ ನಿಮ್ಮಪ್ಪಾಜಿ ಕಾಲು ಮುಟ್ಟಿದ್ನಲ್ಲೇ" ಎಂದಳು, ಮೆಲ್ಲಗೆ, ಅವನಿಗೆ ಕೇಳಿಸದ ಹಾಗೆ. "ಆಗಾದ್ರೂ ಬಾಯಿ ಬಿಡಬಾರ್ದಿತ್ತಾ?"

"ನೀನೂ ಓದ್ದೆ. ನೀನೂ ಹೇಳ್ಲಿಲ್ಲ" ಎಂದೆ. ಏನು ಬಾಯಿಯೋ ನನ್ನದು.

ಮಂಜಿ ಸೌಟು ಚೀಲಕ್ಕೆ ಹಾಕಿದಳು. "ನೀನು ಓದಿದ್ದೇ ನಿಜ ಆಗ್ಲಿ ಅಂತಿತ್ತು ನನಗೆ" ಎಂದಳು.

ಮಧ್ಯಾಹ್ನದ ಬಸ್ಸಿಗೆ ಯಲ್ಲದಕೆರೆಗೆ ಹೋದರು. ಜೀಪಾಟವನ್ನು ನಾನು ಬೇರೆ ಹುಡುಗಿಯರ ಜೊತೆ ಒಂದೆರಡು ಸಲ ಆಡಿದೆ. ಎಲ್ಲರೂ ನನ್ನನ್ನು ಸಗಣಿಗೇ ಇಳಿಸಿದರು.

ಎಷ್ಟೋ ವರ್ಷಗಳಾದ ಮೇಲೆ, ನಾನು ದುರ್ಗದಲ್ಲಿ ಕೆಲಸದಲ್ಲಿದ್ದಾಗ, ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಮಂಜಿ ಸಿಕ್ಕಳು. ಪಕ್ಕದಲ್ಲಿ ಅವಳಷ್ಟೇ ಎತ್ತರ ಬೆಳೆದ ಮಗಳು. "ಮಂಜೀ!" ಎಂದು ಕೂಗಿದೆ. ಅವಳು ಚೀಲ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, "ಚೆನ್ನಾಗಿದೀರಾ ಮೇಡಂ?" ಎಂದಳು. ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟಳಂತೆ. ಮಾಮ ಹೋಗಿ ನಾಲ್ಕು ವರ್ಷವಾಗಿತ್ತು.

"ಆಮೇಲೆ ಅಪ್ಪ ಒಂದಿನಾನೂ ಸಿನಿಮಾಕ್ಕೆ ಹೋಗ್ಲಿಲ್ಲ ಮೇಡಂ. ಆದ್ರೆ ನೀವು ಅವತ್ತು ಓದಿದ್ದು ಅಪ್ಪಂಗೆ ಬಾಯಿಪಾಠ ಆಗಿತ್ತು. 'ಶ್ರೀಯುತ ತಿಪ್ಪಣ್ಣನವರಷ್ಟು ಹಿಂದಿ ಬಲ್ಲವರು' ಅಂತ ಮೊಮ್ಮಕ್ಕಳಿಗೆ ಹೇಳ್ಕಂಡು ನಗ್ತಿದ್ದ. ಸುಳ್ಳು ಅಂತ ಗೊತ್ತಿದ್ದೂ ಹೇಳ್ತಿದ್ದ."

ಬಸ್ಸು ಬಂತು. ಅವರು ಹತ್ತಿದರು. ಅವಳ ಫೋನ್ ನಂಬರು ಕೇಳಲು ನನಗೆ ಮುಖವಿರಲಿಲ್ಲ.

ಟಾಕೀಸು ಈಗ ಕೊಬ್ಬರಿ ಗೋಡೌನು. ವಾರಪತ್ರಿಕೆ ನಿಂತುಹೋಯಿತು, ಅವ್ವ ತೀರಿಕೊಂಡಳು. ಅಪ್ಪಾಜಿ ನನ್ನ ಜೊತೆ ದುರ್ಗದಲ್ಲಿದ್ದಾರೆ. ಮರೆವು ಶುರುವಾಗಿದೆ. ಕಬೀರನ ದೋಹೆಗಳು ನೆನಪಿವೆ, ನಿನ್ನೆ ಏನು ಉಂಡರೆಂಬುದು ನೆನಪಿಲ್ಲ. ಆ ಇಬ್ಬರು ಪೊಲೀಸರ ಸಿನಿಮಾವನ್ನು ಆಗ ಅಪ್ಪಾಜಿ ಒಬ್ಬರೇ ಅಲ್ಲ, ದೊಡ್ಡ ಊರುಗಳ ದೊಡ್ಡ ಪೇಪರಿನವರೂ ತಲೆಬುಡವಿಲ್ಲದ್ದೆಂದು ಬೈದಿದ್ದರಂತೆ. ಅಂಥವರೇ ಈಗ ಅದನ್ನು ಎತ್ತಿ ಎತ್ತಿ ಹೊಗಳುತ್ತಾರೆ. ಇಂಥ ತಿಳಿಹಾಸ್ಯ ಆಮೇಲೆ ಬರಲೇ ಇಲ್ಲವಂತೆ. ಮೊನ್ನೆ ಅದು ಕನ್ನಡಕ್ಕೆ ಡಬ್ ಆಗಿ ಫೋನಿನಲ್ಲಿ ಬಂದಿತ್ತು. ಅಪ್ಪಾಜಿ ಮಂಚದ ಮೇಲೆ ದಿಂಬಿಗೆ ಒರಗಿ, ಫೋನು ಎದೆಯ ಮೇಲಿಟ್ಟುಕೊಂಡು ನೋಡುತ್ತಾ ಕಿಲಕಿಲ ನಗುತ್ತಿದ್ದರು.

"ಉಮಾ, ಬಾ ಇಲ್ಲಿ. ಎಷ್ಟು ಚೆನ್ನಾಗೈತೆ ನೋಡು. ಕನ್ನಡದಾಗೆ ಹೇಳಿದ್ರೆ ಎಲ್ರಿಗೂ ಹೆಂಗೆ ಅರ್ಥ ಆಗ್ತೈತೆ! ನಮ್ಮ ಕಾಲದಾಗೆ ಇದು ಯಾರ ತಲೆಗೂ ಹೊಳೀಲಿಲ್ಲ ನೋಡು" ಎಂದರು.

ಧೂಳು ಹೊಡೆಯುತ್ತಿದ್ದ ಬಟ್ಟೆ ಹಿಡಿದುಕೊಂಡೇ ಅವರ ಪಕ್ಕ ನಿಂತೆ. ಜೀಪಿನ ದೃಶ್ಯವೇ ಬರುತ್ತಿತ್ತು. ಕಣ್ಣು ಕಾಣದವನು ಓಡಿಸುತ್ತಿದ್ದಾನೆ, ಇನ್ನೊಬ್ಬ ಮುಖ ಮುಚ್ಚಿಕೊಂಡಿದ್ದಾನೆ, ಕಳ್ಳ ಕೈ ಅಡ್ಡ ಹಾಕಿದ. ಜೀಪು ದಾಟಿ ಹೋಯಿತು. ಅಲ್ಲಿ ಒಂದು ಮಾತೂ ಇರಲಿಲ್ಲ. ಬರೀ ಹಾರನ್ನು. ಊರಿಗೆ ಊರೇ ನಕ್ಕ ಆ ಮಾತು ಸಿನಿಮಾದ ಯಾವ ಮಾತಿನ ಅನುವಾದವೂ ಅಲ್ಲ, ಮಾಮ ತಾನೇ ಹುಟ್ಟಿಸಿದ್ದು. ಇಷ್ಟು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ. ಈಗ ಸಿನಿಮಾ ಕೇಳಿದ ಹೊತ್ತಿಗೆ ಸಿಗುತ್ತದೆ, ನಾನು ನೋಡಿದ ಸಿನಿಮಾ ಮಾತ್ರ ಯಾರ ಫೋನಿನಲ್ಲೂ ಇಲ್ಲ. ಅದರ ಮೇಲೆ ಅಪ್ಪಾಜಿ ಮಸಿ ಸುರಿದರು, ನಾನು ಸುಳ್ಳು ಸುರಿದೆ.

ಕಳ್ಳ ಇನ್ನೂ ಧೂಳಿನಲ್ಲಿ ನಿಂತಿದ್ದ. ನನ್ನ ಬಾಯಿ ತಾನಾಗಿ ಕಂಡಕ್ಟರನ ದನಿ ತೆಗೆಯಿತು. "ಐಮಂಗಲಕ್ಕೆ ಸ್ಟಾಪಿಲ್ಲ, ಮುಂದಿನ ಬಸ್ಸಿಗೆ ಬರ್ರೀ!"

ಅಪ್ಪಾಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಮ್ಮು ಬರುವ ತನಕ ನಕ್ಕರು. "ಭಲೇ! ಇದು ಅವರದಕ್ಕಿಂತ ಚೆನ್ನಾಗೈತೆ. ಯಾರದು ಈ ಮಾತು?"

"ತಿಪ್ಪಣ್ಣ ಮಾಮಂದು."

"ಯಾವ ತಿಪ್ಪಣ್ಣ?"

"ಟಾಕೀಸಿನ ಮೈಕಿನ ತಿಪ್ಪಣ್ಣ. ನಿಮ್ಮ ಕಾಲು ಮುಟ್ಟಿ ಎಂಟು ತೆಂಗಿನಕಾಯಿ ಕೊಟ್ಟು ಹೋದ್ನಲ್ಲ ಅಪ್ಪಾಜಿ, ಅವನು."

ಅಪ್ಪಾಜಿ ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ.

"ಕಾಯಿ ಚೆನ್ನಾಗಿದ್ವಾ?" ಎಂದು ಕೇಳಿದರು.

"ಗೊತ್ತಿಲ್ಲ ಅಪ್ಪಾಜಿ" ಎಂದೆ. "ನಾನು ತಿನ್ನಲಿಲ್ಲ. ನೀವು ತಿಂದ್ರಿ."